ಓರ್ಲೀನಾಳ ಬಿಸಿ ಕಾಬ್ಲರ್

ನಮ್ಮ ಲಾರೆಲ್ ಹಳ್ಳದಲ್ಲಿ ಯಾರಾದರೂ ಸತ್ತರೆ ಸುದ್ದಿಗಿಂತ ಮೊದಲು ವಾಸನೆ ಬರುತ್ತಿತ್ತು. ಬ್ಲ್ಯಾಕ್‌ಬೆರಿ ಹಣ್ಣು ಸಕ್ಕರೆಯ ಜೊತೆ ಕುದಿಯುವ ವಾಸನೆ, ಅದರ ಬೆನ್ನಿಗೇ ಹಂದಿಕೊಬ್ಬು ಹಾಕಿ ಕಲಸಿದ ಹಿಟ್ಟು ಅದರ ಮೇಲೆ ಹೊದಿಕೆಯಾಗಿ ಒಲೆಯೊಳಗೆ ಕೆಂಪಗಾಗುವ ವಾಸನೆ. ಕಾಬ್ಲರ್ ಎನ್ನುವ ಸಿಹಿತಿಂಡಿಯದು. ಬೇರೆ ಊರಿನವರಿಗಾದರೆ ಬಾಯಲ್ಲಿ ನೀರೂರುತ್ತಿತ್ತು. ನಮ್ಮಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಕೈ ನಿಲ್ಲಿಸಿ, "ದೊಡ್ಡಮ್ಮ ಕಾಬ್ಲರ್ ಮಾಡ್ತಾ ಇದಾಳೆ, ಇವತ್ತು ಯಾರ ಮನೇದೋ" ಎಂದು ಕೆಳದನಿಯಲ್ಲಿ ಹೇಳುತ್ತಿದ್ದರು.

ಓರ್ಲೀನಾ ಹೋಲ್ಕಂ ಈ ಕಣಿವೆಗೆಲ್ಲ ದೊಡ್ಡಮ್ಮ. ಒಣಗಿದ ಕಡ್ಡಿಯಂಥ ಹೆಂಗಸು. ಕಾಲಿಗೆ ಗಂಡಸರ ಬೂಟು, ಕೆಳತುಟಿಯೊಳಗೆ ಸದಾ ನಶ್ಯ. ಬಾಯಿ ಬಿಟ್ಟರೆ ಎದುರಿಗಿದ್ದವರ ಚರ್ಮ ಸುಲಿಯುತ್ತಿದ್ದಳು. ಪಾದ್ರಿಯನ್ನೂ ಬಿಟ್ಟವಳಲ್ಲ. ಅವರ ಪ್ರಸಂಗ ಒಂದು ಭಾನುವಾರ ಮುಗಿಯದೇ ಹೋದಾಗ ಎದ್ದು ನಿಂತು, "ದೇವರಿಗೂ ಊಟದ ಹೊತ್ತಾಯ್ತು, ಸಾಕು ಮಾಡಿ" ಎಂದಿದ್ದಳು.

ಅವಳ ಗಂಡ ಟಾಲ್ಮೇಜ್ ಗಣಿಯ ಚಾವಣಿ ಕುಸಿದು ಸತ್ತದ್ದು ಜನವರಿಯಲ್ಲಿ. ಮಕ್ಕಳಿರಲಿಲ್ಲ. ಸಾವಿನ ಮನೆಗೆ ಅಕ್ಕಪಕ್ಕದವರೆಲ್ಲ ಊಟ ಹೊತ್ತು ತರುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಯಾವ ಹೆಂಗಸು ಯಾವುದು ತರಬೇಕು ಎನ್ನುವುದೂ ಗೊತ್ತಿರುತ್ತದೆ. ವರ್ಡಾ ಮ್ಯಾಗರ್ಡ್ ತರುವುದು ಮಾಂಸ ಹಾಕಿ ಬೇಯಿಸಿದ ಹುರುಳಿಕಾಯಿ, ಇನ್ನೊಬ್ಬಳದು ಆಲೂಗಡ್ಡೆ, ಮತ್ತೊಬ್ಬಳದು ಜೋಳದ ರೊಟ್ಟಿ. ಪಾತ್ರೆ ಅದಲು ಬದಲಾಗಬಾರದೆಂದು ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿರುತ್ತಾರೆ. ಓರ್ಲೀನಾಳ ಮನೆಗೂ ಎಲ್ಲ ಬಂತು, ಆದರೆ ದಾರಿಯ ತುಂಬ ಮಂಜುಗಡ್ಡೆ. ಜಾರುತ್ತ, ಏಳುತ್ತ ಬರುವಷ್ಟರಲ್ಲಿ ಊಟವೆಲ್ಲ ತಣ್ಣಗಾಗಿ ಕಲ್ಲಾಗಿತ್ತು.

"ಗಂಡ ಅಲ್ಲಿ ತಣ್ಣಗೆ ಮಲಗಿದ್ದ. ನಾನಿಲ್ಲಿ ತಣ್ಣನೆ ಹುರುಳಿಕಾಯಿ ನುಂಗ್ತಾ ಕೂತಿದ್ದೆ. ಅದು ಇನ್ನೂ ಇಲ್ಲೇ ಇದೆ ಕಣೇ, ಇಳಿದಿಲ್ಲ" ಎಂದು ಒಮ್ಮೆ ನನಗೆ ಗಂಟಲು ಮುಟ್ಟಿ ತೋರಿಸಿದ್ದಳು. ಗಂಡ ಸತ್ತಂದಿನಿಂದ ಸಾವಿನ ಮನೆಗೆ ಅವಳ ಪಾಲಿನದು ಬ್ಲ್ಯಾಕ್‌ಬೆರಿ ಕಾಬ್ಲರ್. ಅದೂ ಒಲೆಯಿಂದ ಆಗಷ್ಟೇ ತೆಗೆದದ್ದು, ಮೊದಲು ಪತ್ರಿಕೆ, ಮೇಲೆ ಟವೆಲು, ಅದರ ಮೇಲೆ ಹಳೇ ಕೌದಿಯ ತುಂಡು ಸುತ್ತಿ, ಎದೆಗವಚಿಕೊಂಡು ನಡೆದು ತಂದದ್ದು. ಯಾರಾದರೂ ಗಾಡಿಯಲ್ಲಿ ಕರೆದೊಯ್ಯುತ್ತೇನೆಂದರೆ ಹತ್ತುತ್ತಿರಲಿಲ್ಲ.

ನಾನು ಬೆಟ್ಟದ ಆಚೆ ಬದಿಯಿಂದ ಹರ್ಷೆಲ್‌ನನ್ನು ಮದುವೆಯಾಗಿ ಬಂದವಳು. ತಾಯಿಯಿಲ್ಲದೆ ಬೆಳೆದದ್ದು, ಅಡುಗೆ ಬರುತ್ತಿರಲಿಲ್ಲ. ಅತ್ತೆ ಎರಡು ದಿನ ನೋಡಿ, ಬಾಯಿಗೆ ಬಂದದ್ದು ಅಂದು, ಮೂರನೇ ದಿನ ಓರ್ಲೀನಾಳ ಮನೆಗೆ ಅಟ್ಟಿದಳು. ಅವಳು ಮೊದಲು ಕಲಿಸಿದ್ದೇ ಕಾಬ್ಲರ್. ಹಣ್ಣಿನ ರಸಕ್ಕೆ ಹಿಟ್ಟಿನ ತುಂಡುಗಳನ್ನು ಬಿಟ್ಟು ಮೊದಲು ಕುದಿಸಬೇಕು, ಅವು ಕೆಳಗೆ ಮೆತ್ತಗೆ ಮುಳುಗಿರಬೇಕು, ಮೇಲಿನ ಹೊದಿಕೆ ಮಾತ್ರ ಗರಿಗರಿಯಾಗಿ ಸಕ್ಕರೆ ಹೊಳೆಯುತ್ತಿರಬೇಕು. ನಾನು ಹಿಟ್ಟು ನಾದಲು ಹೋದರೆ ಕೈಮೇಲೆ ಪಟ್ಟೆಂದು ಹೊಡೆದಳು.

"ಯಾಕೆ ಹಾಗೆ ಹಿಸುಕ್ತೀಯೇ ಡೆಲ್ಫೀ? ಅದೇನು ನಿಮ್ಮತ್ತೆ ಕುತ್ತಿಗೇನಾ?"

ಬಂದ ಮೇಲೆ ಮೊದಲ ಸಲ ನಾನು ನಕ್ಕದ್ದು ಆಗ. ಆಮೇಲೆ ಅವಳ ಅಡುಗೆಮನೆ ಬಿಟ್ಟು ನಾನಿದ್ದ ದಿನವಿಲ್ಲ. ಬೇಸಗೆಯಲ್ಲಿ ಇಬ್ಬರೂ ಹುಳು ಹತ್ತದಿರಲೆಂದು ಕಾಲಿಗೆ ಸೀಮೆಎಣ್ಣೆ ಬಟ್ಟೆ ಕಟ್ಟಿಕೊಂಡು ಮುಳ್ಳುಪೊದೆಯಲ್ಲಿ ಹಣ್ಣು ಕೀಳುತ್ತಿದ್ದೆವು. ಜಾಡಿಗೆ ತುಂಬಿ ಕುದಿಸಿ, ಸಾಲಾಗಿ ಮೇಜಿನ ಮೇಲಿಟ್ಟು ಕೂರುತ್ತಿದ್ದೆವು. ಜಾಡಿ ಆರುತ್ತ ಬಂದಂತೆ ತಗಡಿನ ಮುಚ್ಚಳ ಒಳಕ್ಕೆ ಎಳೆದುಕೊಂಡು 'ಟಕ್' ಎನ್ನುತ್ತದೆ. ಹಾಗೆ ಅಂದರೆ ಜಾಡಿ ಬಿಗಿಯಾಯಿತು, ವರ್ಷಗಟ್ಟಲೆ ಕೆಡುವುದಿಲ್ಲ ಎಂದರ್ಥ. ವಯಸ್ಸಾಗಿ ಅವಳ ಬೆನ್ನು ಬಗ್ಗದಾದಾಗ ಅವಳ ಕಾಲುಗುರು ಕತ್ತರಿಸುತ್ತಿದ್ದವಳು ನಾನೇ. ಅದಕ್ಕೂ ಬೈಗುಳ. "ಉಗುರು ಕತ್ತರಿಸ್ತಿದೀಯೋ, ಕಾಲು ಕತ್ತರಿಸ್ತಿದೀಯೋ?"

ಜಾಡಿಯ ವಿಷಯ ಶುರುವಾದದ್ದು ಆ ದಿನಗಳಲ್ಲೇ.

ಒಂದು ಮಧ್ಯಾಹ್ನ ನಾವು ನಾಲ್ಕು ಜನ ವರ್ಡಾಳ ಮನೆಯಲ್ಲಿ ಕೌದಿ ಹೊಲೆಯುತ್ತ ಕೂತಿದ್ದೆವು. ವರ್ಡಾಳ ನಾಯಿ ಎಂಥದ್ದೆಂದರೆ ಎಲೆ ಬಿದ್ದರೂ ಬೊಗಳುತ್ತದೆ. ಅದು ಎದ್ದು ಬಾಲ ಮುದುರಿ, ಜಗಲಿಯ ಕೆಳಗೆ ನುಗ್ಗಿತು. ನೋಡಿದರೆ ಬಾಗಿಲಲ್ಲಿ ಓರ್ಲೀನಾ, ಎದೆಗೆ ಪಾತ್ರೆಯ ಗಂಟು.

"ಯಾರಿಗೆ ಏನಾಯ್ತು ದೊಡ್ಡಮ್ಮ?" ಎಂದಳು ವರ್ಡಾ, ಸೂಜಿ ಹಾಗೇ ಹಿಡಿದು.

"ಯಾರಿಗೂ ಇಲ್ಲ. ಹಣ್ಣು ಕೆಡ್ತಾ ಇತ್ತು, ತಂದೆ." ಮುಖ ನೋಡಿದರೆ ಕದಿಯುವಾಗ ಸಿಕ್ಕಿಬಿದ್ದವಳ ಹಾಗಿತ್ತು.

"ಅಬ್ಬಾ, ಸಾಯದೇನೇ ನಿನ್ನ ಕಾಬ್ಲರ್ ತಿನ್ನೋ ಭಾಗ್ಯ ಬಂತಲ್ಲ! ತಟ್ಟೆ ತೆಗೀರೇ" ಎಂದು ವರ್ಡಾ ಜೋರಾಗಿ ನಕ್ಕಳು. ನಾವೂ ನಕ್ಕೆವು, ತಿಂದೆವು, ಬಟ್ಟಲು ನೆಕ್ಕಿದೆವು. ಓರ್ಲೀನಾ ಒಂದು ಚಮಚೆಯನ್ನೂ ಮುಟ್ಟಲಿಲ್ಲ. ಹೊತ್ತು ಮುಳುಗುವ ಮೊದಲು ಡೆಟ್ರಾಯಿಟ್‌ನಿಂದ ಫೋನು ಬಂತು. ಅಲ್ಲಿ ಕಾರು ಕಾರ್ಖಾನೆಯಲ್ಲಿದ್ದ ವರ್ಡಾಳ ತಮ್ಮ ಯಂತ್ರಕ್ಕೆ ಸಿಕ್ಕಿ ತೀರಿಹೋಗಿದ್ದ. ನಾವು ಕಾಬ್ಲರ್ ತಿನ್ನುತ್ತಿದ್ದ ಹೊತ್ತಿನಲ್ಲೇ ಅಂತೆ.

ಅದು ಹೇಗೆ ಗೊತ್ತಾಯ್ತು ಎಂದು ಮಾರನೇ ದಿನ ನಾನು ಬಿಡದೆ ಕೇಳಿದೆ. ಓರ್ಲೀನಾ ನನ್ನನ್ನು ದಿಬ್ಬ ಕೊರೆದು ಮಾಡಿದ ತನ್ನ ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಸಾಲು ಸಾಲು ಜಾಡಿ, ಕಪ್ಪು ಹಣ್ಣು, ಮೇಲೆ ಧೂಳು.

"ಬೆಳಿಗ್ಗೆ ಕಾಫಿ ಕುಡೀತಾ ಕೂತಿರ್ತೀನಿ. ಕೆಳಗಿಂದ ಟಕ್ ಅನ್ನುತ್ತೆ. ಹೋದ ವರ್ಷದ ಜಾಡಿ ಕಣೇ, ಬಿಗಿಯಾಗಿ ವರ್ಷ ಆಯ್ತು, ಈಗ್ಯಾಕೆ ಅನ್ನಬೇಕು? ಇಳಿದು ಬಂದು ನೋಡಿದ್ರೆ ಒಂದೇ ಒಂದು ಜಾಡಿ ಮುಚ್ಚಳ ಮೇಲಕ್ಕೆದ್ದಿರುತ್ತೆ."

"ಜಾಡಿ ಹಳೇದಾಗಿರುತ್ತೆ ದೊಡ್ಡಮ್ಮ. ಬಿಗಿ ಬಿಟ್ಟಿರುತ್ತೆ."

"ಬಿಗಿ ಬಿಟ್ಟ ಜಾಡಿ ಹುಳಿವಾಸನೆ ಬರಬೇಕು, ನೊರೆ ಬರಬೇಕು. ಇದು ಈಗ ಕಿತ್ತ ಹಣ್ಣಿನ ಹಾಗಿರುತ್ತೆ. ಮೂತಿಗೆ ಕೈಯಿಟ್ಟರೆ ಬೆಚ್ಚಗಿರುತ್ತೆ." ಅವಳು ದನಿ ಇಳಿಸಿದಳು. "ಬಾಯಿಬಿಟ್ಟ ಹಣ್ಣನ್ನ ಚೆಲ್ಲೋಕಾಗುತ್ತಾ? ಕಾಬ್ಲರ್ ಮಾಡ್ತೀನಿ. ಹೊತ್ತು ಹೊರಡ್ತೀನಿ. ಎಲ್ಲಿಗೆ ಅಂತ ನಂಗೆ ಗೊತ್ತಿರಲ್ಲ ಡೆಲ್ಫೀ. ಕಾಲು ತಾನೇ ತಿರುಗುತ್ತೆ, ನಾನು ಬರೀ ಪಾತ್ರೆ ಹಿಡ್ಕೊಂಡಿರ್ತೀನಿ."

ಆ ನೆಲಮಾಳಿಗೆಯಲ್ಲಿ ಬೇಸಗೆಯಲ್ಲೂ ಉಸಿರು ಹೊಗೆಯಾಗಿ ಕಾಣುತ್ತಿತ್ತು. ನಾನು ಹತ್ತಿ ಮೇಲೆ ಬಂದೆ. ನಂಬಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆಮೇಲೆ ಇನ್ನೊಂದು ಮನೆ, ಮತ್ತೊಂದು ಮನೆ. ಅವಳು ಬಂದು ಹೋದ ದಿನವೇ ಸುದ್ದಿ ಬರುತ್ತಿತ್ತು, ಕೆಲವೊಮ್ಮೆ ಒಳಕೋಣೆಯಿಂದ, ಕೆಲವೊಮ್ಮೆ ದೂರದ ಆಸ್ಪತ್ರೆಯಿಂದ. ಜನ ಹೆದರಿದರು. ಹೆದರಿದ ಜನಕ್ಕೆ ಕೃತಜ್ಞತೆ ಮೊದಲು ಮರೆತುಹೋಗುತ್ತದೆ. ಅವಳ ಕಾಬ್ಲರ್ ತಿಂದು ಕಣ್ಣೊರೆಸಿಕೊಂಡವರೇ ಈಗ ಅವಳು ರಸ್ತೆಯಲ್ಲಿ ಕಂಡರೆ ಪರದೆ ಎಳೆದರು. ಸಾವನ್ನು ಅವಳೇ ಹೊತ್ತು ತರುತ್ತಾಳೆ ಎಂದರು, ಆ ನೆಲಮಾಳಿಗೆಗೆ ಬೆಂಕಿ ಇಡಬೇಕು ಎಂದರು. ನನಗೆ ಬಂದ ಕೋಪಕ್ಕೆ ಅಂಗಡಿಯ ಮುಂದೆಯೇ ಇಬ್ಬರ ಜೊತೆ ಜಗಳ ಆಡಿದ್ದೇನೆ.

ಅವಳೂ ಒಮ್ಮೆ ತಡೆಯಲು ನೋಡಿದಳು. ಟಕ್ ಎಂದ ಜಾಡಿಯನ್ನು ನೇರ ಒಯ್ದು ಹಂದಿಗಳ ಮುಂದೆ ಸುರಿದು, ಬಾಗಿಲು ಹಾಕಿಕೊಂಡು ಮಲಗಿದಳು. ಹಂದಿಗಳು ಗೂಡಿನ ಆಚೆ ಮೂಲೆಗೆ ಹೋಗಿ ಒಂದಕ್ಕೊಂದು ಒತ್ತಿ ನಿಂತವಂತೆ, ಹಣ್ಣನ್ನು ಮೂಸಲೂ ಇಲ್ಲ. ಅದೇ ಸಂಜೆ ಆರ್ಬಿ ಕಾಂಬ್ಸ್‌ನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಮಾರನೇ ದಿನ ಯಾರ ಊಟವೂ ತಲುಪುವ ಮೊದಲು ಓರ್ಲೀನಾ ಹೋಗಿ ನೋಡಿದರೆ ಆರ್ಬಿ ಅಡುಗೆಮನೆಯಲ್ಲಿ ಒಬ್ಬನೇ ಕೂತು ಹಿಂದಿನ ದಿನದ ರೊಟ್ಟಿ ಕಡಿಯುತ್ತಿದ್ದ. ಅದನ್ನು ನನಗೆ ಹೇಳುವಾಗ ಅತ್ತಳು; ಅವಳು ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ.

"ಸಾಯೋದು ನಿಲ್ಲಲಿಲ್ಲ. ಅವನಿಗೆ ಬಿಸಿಯಾಗಿದ್ದು ಸಿಗಲಿಲ್ಲ, ಅಷ್ಟೇ. ಇನ್ಮೇಲೆ ಯಾರು ಬಾಗಿಲು ಹಾಕ್ಕೊಂಡ್ರೂ ಜಗಲಿ ಮೇಲಾದ್ರೂ ಇಟ್ಟು ಬರ್ತೀನಿ" ಎಂದಳು. ಹಾಗೇ ಮಾಡಿದಳು ಕೂಡ.

ಇದನ್ನೆಲ್ಲ ತಮಾಷೆ ಮಾಡುತ್ತಿದ್ದವನು ನನ್ನ ಗಂಡ ಹರ್ಷೆಲ್ ಒಬ್ಬನೇ. "ದೊಡ್ಡಮ್ಮ, ನನ್ನ ಸರದಿ ಬಂದಾಗ ಮೇಲೆ ಕೆನೆ ಹಾಕ್ಕೊಂಡು ಬಾ, ಬರೀ ಹಣ್ಣು ನಂಗೆ ಸೇರಲ್ಲ" ಎನ್ನುತ್ತಿದ್ದ. "ನಿಂಗೆ ಕೆನೆ ಬೇರೆ ಕೇಡು. ನಿಂಗೆ ಹಂದಿಗೆ ಹಾಕಿದ್ದರಲ್ಲಿ ಉಳಿದದ್ದು ಸಾಕು" ಎನ್ನುತ್ತಿದ್ದಳು ಅವಳು. ಅವನು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಅಕ್ಟೋಬರ್ ತಿಂಗಳು. ಬೆಟ್ಟವೆಲ್ಲ ಕೆಂಪಾಗಿ, ಬೆಳಗಿನ ಮಂಜು ಹಳ್ಳ ಬಿಟ್ಟು ಏಳದೆ ಬಿದ್ದಿತ್ತು. ಹರ್ಷೆಲ್ ಚಳಿಗಾಲಕ್ಕೆ ಮೊದಲು ಸೂರಿನ ತಗಡು ಸರಿಮಾಡುತ್ತೇನೆಂದು ಮೇಲೆ ಹತ್ತಿದ್ದ. ನಾನು ಅಂಗಳದಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿದ್ದೆ. ಆಗ ಆ ವಾಸನೆ ಬಂತು. ಕೋಳಿಗಳು ಕಾಳು ಬಿಟ್ಟು ತಲೆಯೆತ್ತಿ ನಿಂತವು.

ಮಂಜಿನೊಳಗಿಂದ ಓರ್ಲೀನಾ ಬಂದಳು. ಗಂಟು ಎದೆಗಿತ್ತು, ಕಣ್ಣು ನೆಲಕ್ಕಿತ್ತು. ವರ್ಡಾಳ ಮನೆಯ ತಿರುವು ಬಂತು, ತಿರುಗಲಿಲ್ಲ. ಆರ್ಬಿಯ ಮನೆ ಬಂತು, ದಾಟಿದಳು. ಮರದ ಸೇತುವೆ ಬಂತು. ಸೇತುವೆಯ ಈಚೆ ಇರುವುದು ನಮ್ಮ ಮನೆಯೊಂದೇ. ಅದರಾಚೆ ಸ್ಮಶಾನ. ಬೂಟಿನ ಸದ್ದು ಹಲಗೆಯ ಮೇಲೆ ಟಪ್ ಟಪ್ ಎಂದು ಬಂತು. ಸ್ಮಶಾನಕ್ಕೇ ಹೋಗಲಿ ದೇವರೇ, ಟಾಲ್ಮೇಜ್‌ನ ಸಮಾಧಿಗೆ ಹೂವಿಡಲು ಹೋಗುತ್ತಿರಲಿ ಎಂದುಕೊಂಡೆ. ನಮ್ಮ ಬೇಲಿಯ ಬಾಗಿಲ ಮುಂದೆ ಅವಳ ಕಾಲುಗಳು ನಿಂತವು.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅಷ್ಟು ಹೆದರಿದ ಮುಖ ನಾನು ಬೇರೆ ಯಾರದ್ದೂ ನೋಡಿಲ್ಲ.

"ನಾನು ದಾಟಿ ಹೋಗೋಕೆ ನೋಡಿದೆ ಕಣೇ. ಕಾಲು ಬರಲಿಲ್ಲ" ಎಂದಳು.

ನಾನು ಕಾಳಿನ ಬುಟ್ಟಿ ಎಸೆದು ಮನೆಯ ಕಡೆ ಕಿರುಚಿದೆ. "ಹರ್ಷೆಲ್! ಇಳಿಯೋ! ಈಗಲೇ ಇಳಿ!"

"ಇನ್ನೊಂದು ತಗಡು ಇದೆ ಕಣೇ."

"ತಗಡು ಹಾಳಾಗ್ಲಿ, ಏಣಿ ಗಟ್ಟಿಯಾಗಿ ಹಿಡಿ, ಒಂದೊಂದೇ ಮೆಟ್ಟಿಲು ಇಳಿ!"

ಅವನು ಮೇಲಿಂದ ಇಣುಕಿ ಓರ್ಲೀನಾಳನ್ನು ನೋಡಿದ. ಅವನ ನಗು ಅರ್ಧಕ್ಕೇ ನಿಂತಿತು. ತಗಡು ಅಲ್ಲೇ ಬಿಟ್ಟು ಇಳಿದು ಬಂದ. ಅವನ ಕಾಲು ನೆಲ ಮುಟ್ಟುವವರೆಗೂ ನಾನು ಏಣಿ ಹಿಡಿದು ನಿಂತಿದ್ದೆ.

ಊಟ ತಂದವರನ್ನು ಬಾಗಿಲಿಂದ ಕಳಿಸುವುದು ನನ್ನಿಂದ ಆಗುವ ಕೆಲಸವಲ್ಲ. ಅದರಲ್ಲೂ ಅವಳನ್ನು. ಒಳಗೆ ಕರೆದು ಒಲೆಯ ಪಕ್ಕದ ತೂಗುಕುರ್ಚಿಯಲ್ಲಿ ಕೂರಿಸಿದೆ. ಅವಳ ಕೈ ತಣ್ಣಗಿತ್ತು, ಎದೆಗೆ ಒತ್ತಿದ್ದ ಪಾತ್ರೆ ಮಾತ್ರ ಸುಡುತ್ತಿತ್ತು. ಕಾಫಿ ಕೊಟ್ಟೆ. ಹರ್ಷೆಲ್‌ನನ್ನು ಮೇಜಿನ ಮುಂದೆ ಕೂರಿಸಿ, ಏಳಕೂಡದು ಎಂದೆ.

"ಉಚ್ಚೆ ಬಂದ್ರೆ?"

"ತಡ್ಕೋ."

"ತಡ್ಕೊಂಡು ಸತ್ತರೆ?"

"ಹರ್ಷೆಲ್, ಇವತ್ತೊಂದಿನ ಬಾಯಿ ಮುಚ್ಚೋ!" ಅವನು ನನ್ನ ಕೈ ಹಿಡಿದುಕೊಂಡ.

ಕತ್ತರಿ, ಚಾಕು ಎಲ್ಲ ತೆಗೆದು ಕಪಾಟಿಗೆ ಹಾಕಿದೆ. ಗೋಡೆಯ ಬಂದೂಕಿನಿಂದ ಗುಂಡು ತೆಗೆದೆ. ಹೊರಗೆ ಮಂಜು ಇಳಿಯುವ ಬದಲು ಕಿಟಕಿಗೇ ಬಂದು ಒರಗಿತ್ತು. ಪಾತ್ರೆ ಮೇಜಿನ ನಡುವೆ, ಮೇಲಿನ ಹೊದಿಕೆಯ ಸೀಳುಗಳಿಂದ ಹಬೆ ಏಳುತ್ತಿತ್ತು. ಒಳಗೆ ರಸ ಗುಳುಗುಳು ಎನ್ನುತ್ತಿತ್ತು. ಒಲೆಯಿಂದ ತೆಗೆದು, ಅಷ್ಟು ದೂರ ನಡೆದು, ಅಷ್ಟು ಹೊತ್ತಾದ ಮೇಲೂ.

"ಬಿಸಿ ಇರುವಾಗ ತಿನ್ನಿ. ಅಷ್ಟು ದೂರ ಹೊತ್ತಿದೀನಿ" ಎಂದಳು ಓರ್ಲೀನಾ.

"ಮುಟ್ಟಲ್ಲ" ಎಂದೆ. ಮುಟ್ಟಿದರೆ ಸಾವಿಗೆ ಹೂಂ ಅಂದಂತೆ ಎಂದು ನನ್ನ ತಲೆಯಲ್ಲಿ ಕೂತಿತ್ತು.

"ನನ್ನ ಮೇಲೆ ಸಿಟ್ಟಾ ಮಗಳೇ?"

"ನಿನ್ನ ಮೇಲಲ್ಲ ದೊಡ್ಡಮ್ಮ. ಆ ನಿನ್ನ ಜಾಡಿ ಮೇಲೆ."

"ಯಾರಿಗೋ ಏನೋ ಅಂತ ದಾರಿಯುದ್ದಕ್ಕೂ ಬೇಡ್ಕೊಂಡು ಬಂದೆ. ಈ ಮನೇದು ಮಾತ್ರ ಬೇಡ, ಬೇಕಾದ್ರೆ ನನ್ನ ಕಾಲು ಮುರೀಲಿ ಅಂದೆ" ಎಂದು ಅವಳು ಕುರ್ಚಿಗೆ ತಲೆಯಾನಿಸಿದಳು. "ಸುಸ್ತಾಯ್ತು. ನಿಮ್ಮನೆ ಒಲೆ ಹತ್ತಿರ ಹಿತವಾಗಿದೆ."

ಆಗ ನನಗೆ ವರ್ಡಾಳ ತಮ್ಮ ನೆನಪಾದ. ಸಾವು ಈ ಮನೆಯೊಳಗೇ ಆಗಬೇಕಿಲ್ಲ. ನಮ್ಮ ಮಗಳು ಗ್ಲೆಂಡಾ ಒಹಾಯೋದ ಡೇಟನ್‌ನಲ್ಲಿದ್ದಳು. ಫೋನಿಗೆ ಓಡಿದೆ. ಅವಳು ಕೆಲಸ ಮಾಡುವ ಬೇಕರಿಯಲ್ಲಿ ಯಾರೋ ಎತ್ತಿ, ಕರೆಯುತ್ತೇನೆಂದು ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ತಂತಿಯಲ್ಲಿ ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು. ಗೋಡೆಗೆ ಹಣೆ ಒತ್ತಿ, ಅವಳು ಹುಟ್ಟಿದ ದಿನದಿಂದ ನನಗೆ ಬರುತ್ತಿದ್ದ ಪ್ರಾರ್ಥನೆಯನ್ನೆಲ್ಲ ಹೇಳಿದೆ.

"ಏನಮ್ಮ, ಕೆಲಸದ ಹೊತ್ತಲ್ಲಿ?"

"ಗ್ಲೆಂಡಾ! ಬದುಕಿದೀಯೇನೇ?"

"ಇಲ್ಲ, ಸತ್ತು ದೆವ್ವ ಆಗಿ ಮಾತಾಡ್ತಾ ಇದೀನಿ. ಇದೇನು ಕೇಳೋದು? ಮೇಲಿನೋರು ಬೈತಾರೆ, ಇಡ್ತೀನಿ."

"ರಸ್ತೆ ದಾಟುವಾಗ ನೋಡಿ ದಾಟೇ! ಕೇಳಿಸ್ತಾ?" ಎಂದು ನಾನು ಅಳುತ್ತ ನಗುತ್ತ ಫೋನಿಟ್ಟೆ.

ಮಗಳು ಕ್ಷೇಮ. ಗಂಡ ಕಣ್ಣಮುಂದೆ ಕೂತಿದ್ದಾನೆ. ಅಪ್ಪ, ಅಮ್ಮ, ಅತ್ತೆ ಎಂದೋ ಹೋದವರು. ಇನ್ನು ನನ್ನಿಂದ ಕಿತ್ತುಕೊಳ್ಳಲು ಉಳಿದಿರುವವರು ಯಾರು? ಮೈಯೆಲ್ಲ ಹಗುರಾಯಿತು. ಅಡುಗೆಮನೆಗೆ ಬರುತ್ತಲೇ ಹೇಳಿದೆ, "ದೊಡ್ಡಮ್ಮ, ಈ ಸಲ ನಿನ್ನ ಜಾಡಿ ಸುಳ್ಳು ಹೇಳ್ತು ನೋಡು!"

ಅವಳು ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ಬಿಡುವವಳಲ್ಲ ಅವಳು. ಹರ್ಷೆಲ್ ಕುರ್ಚಿಯಿಂದ ಎದ್ದಿದ್ದ. ಟೋಪಿ ತೆಗೆದು ಎದೆಗೆ ಹಿಡಿದಿದ್ದ.

"ಡೆಲ್ಫೀ," ಎಂದ, "ಇತ್ತ ಬಾ."

ಕಾಫಿ ಬಟ್ಟಲು ಅವಳ ಮಡಿಲಲ್ಲಿ ನೆಟ್ಟಗಿತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು. ಕುರ್ಚಿ ಮಾತ್ರ ಇನ್ನೂ ಮೆಲ್ಲಗೆ ತೂಗುತ್ತಿತ್ತು. ನಾನು ಕೈಯಿಟ್ಟು ನಿಲ್ಲಿಸಿದೆ.

ಹರ್ಷೆಲ್ ಸುದ್ದಿ ಹೇಳಲು ಹೋದ. ನಾನು ಅವಳ ಬೂಟು ಬಿಚ್ಚಿ, ಕಾಲು ಒರೆಸಿ, ಅಲ್ಲೇ ನೆಲದ ಮೇಲೆ ಕೂತಿದ್ದೆ. ಏನೂ ತೋಚುತ್ತಿರಲಿಲ್ಲ. ಇನ್ನು ಅವಳ ಮನೆಯನ್ನು ಗುಡಿಸಬೇಕು, ಒಲೆ ಹಚ್ಚಬೇಕು, ಊಟ ತರುವವರು ಅಲ್ಲಿಗೆ ಬರುತ್ತಾರಲ್ಲ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸೇತುವೆಯ ಮೇಲೆ ಕಾಲಸಪ್ಪಳ ಕೇಳಿತು. ಒಬ್ಬರದಲ್ಲ, ಬಹಳ ಜನರದು.

ಪರದೆ ಎಳೆದುಕೊಂಡಿದ್ದವರೆಲ್ಲ ಬಂದಿದ್ದರು. ಕೈಯಲ್ಲಿ ಪಾತ್ರೆ, ಬಟ್ಟಲು, ರೊಟ್ಟಿಯ ಬಾಣಲೆ. ಓರ್ಲೀನಾಳ ಮನೆ ಅವರ ದಾರಿಯಲ್ಲೇ ಇತ್ತು. ಅದನ್ನು ಹಾದು, ಯಾರೂ ಯಾರನ್ನೂ ಕೇಳದೆ, ನೇರ ನಮ್ಮಲ್ಲಿಗೆ ಬಂದಿದ್ದರು. ಮುಂದೆ ವರ್ಡಾ ಇದ್ದಳು. ಹುರುಳಿಕಾಯಿಯ ಪಾತ್ರೆ ಕೆಳಗಿಟ್ಟು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

"ನಿನ್ನಮ್ಮ ಹೋದಳಲ್ಲೇ ಡೆಲ್ಫೀ" ಎಂದಳು. "ಬಾ, ಏಳು. ಏನಾದ್ರೂ ಎರಡು ತುತ್ತು ತಿನ್ನು."

ಒಬ್ಬಳು ತಟ್ಟೆ ತಂದಳು. ಮೇಜಿನ ಮೇಲಿದ್ದ ಕಾಬ್ಲರ್‌ನಿಂದ ಒಂದಿಷ್ಟು ಬಡಿಸಿ ನನ್ನ ಕೈಗೆ ಕೊಟ್ಟಳು. ನಾನು ತಿಂದೆ, ಬಿಕ್ಕುತ್ತ ತಿಂದೆ. ಆ ದಿನವೆಲ್ಲ ಸಾವು ಯಾರನ್ನು ಒಯ್ಯುತ್ತದೋ ಎಂದು ನನ್ನವರನ್ನು ಒಬ್ಬೊಬ್ಬರನ್ನಾಗಿ ನೆನೆದು, ಕೂಗಿ ಕರೆದು, ಕೈ ಹಿಡಿದು, ಫೋನು ಮಾಡಿ ಕಾದಿದ್ದೆ. ಅವಳು ನನ್ನ ಒಲೆಯ ಪಕ್ಕದಲ್ಲೇ ಕೂತಿದ್ದಳು, ಅವಳನ್ನು ನೆನೆಯಲೇ ಇಲ್ಲ.